ಕಡಲ ಕಾವಲಿನ ಹಳೆಯ ವಿಮಾನಗಳ ನಿವೃತ್ತಿ ಮತ್ತು ಬದಲಿ ವ್ಯವಸ್ಥೆ: ಒಂದು ವಿಶ್ಲೇಷಣೆ

ಭಾರತೀಯ ನೌಕಾಪಡೆಯ ಐಎಲ್-38 ಮಾದರಿಯ ಕಡಲ ಗಸ್ತು ವಿಮಾನಗಳನ್ನು ಗೋವಾದ ಐಎನ್‌ಎಸ್ ಹಂಸ ವಾಯುನೆಲೆಯಲ್ಲಿ 2023ರ ಅಕ್ಟೋಬರ್ 31ರಂದು ಸೇವೆಯಿಂದ ವಿಧ್ಯುಕ್ತವಾಗಿ ನಿವೃತ್ತಿಗೊಳಿಸಲಾಯಿತು. ಅದಕ್ಕೂ ಆರೂವರೆ ವರ್ಷಗಳ ಹಿಂದೆ, 2017ರ ಮಾರ್ಚ್ 29ರಂದು, ತಮಿಳುನಾಡಿನ ಅರಕ್ಕೋಣಂನಲ್ಲಿರುವ ಐಎನ್‌ಎಸ್ ರಜಾಲಿ ವಾಯುನೆಲೆಯಲ್ಲಿ ಟಿಯು-142ಎಂ ಮಾದರಿಯ ವಿಮಾನಗಳನ್ನು ಇದೇ ರೀತಿ ಬೀಳ್ಕೊಡಲಾಗಿತ್ತು. ಸೋವಿಯತ್ ಒಕ್ಕೂಟದಿಂದ ಪಡೆದು, ಸಾಗರದ ಮೇಲೆ ಬಹುದೂರದವರೆಗೆ ಕಣ್ಣಿಡಲು ಬಳಸಲಾಗುತ್ತಿದ್ದ ಈ ಎರಡೂ ಮಾದರಿಗಳು ಈಗ ನೌಕಾಪಡೆಯ ಹಾರಾಟದಲ್ಲಿಲ್ಲ.

ಈ ಎರಡು ನಿವೃತ್ತಿಗಳು ಮೇಲ್ನೋಟಕ್ಕೆ ಒಂದೇ ಬಗೆಯವಾಗಿ ಕಂಡರೂ ಅವುಗಳ ನಡುವೆ ಮಹತ್ವದ ವ್ಯತ್ಯಾಸವಿದೆ. ಟಿಯು-142ಎಂ ನಿವೃತ್ತಿಯಾಗುವ ಸುಮಾರು ನಾಲ್ಕು ವರ್ಷ ಮೊದಲೇ ಅದರ ಸ್ಥಾನವನ್ನು ತುಂಬುವ ವಿಮಾನವು ಅದೇ ನೆಲೆಗೆ ಬಂದಿಳಿದಿತ್ತು. ಐಎಲ್-38ರ ವಿಷಯದಲ್ಲಿ, ಅದರದೇ ವರ್ಗದ ಹೊಸ ವಿಮಾನಕ್ಕೆ ರಕ್ಷಣಾ ಖರೀದಿ ಮಂಡಳಿಯ ಅಂಗೀಕಾರ ದೊರೆತದ್ದು ನಿವೃತ್ತಿಯ ಮೂರೂವರೆ ತಿಂಗಳ ನಂತರ. ಹಳೆಯ ಕಾವಲು ವಿಮಾನವನ್ನು ಯಾವಾಗ ನಿಲ್ಲಿಸಬೇಕೆಂಬ ಪ್ರಶ್ನೆಗೆ ಉತ್ತರವು ಆ ವಿಮಾನದ ವಯಸ್ಸಿಗಿಂತ ಹೆಚ್ಚಾಗಿ, ಹತ್ತು ವರ್ಷ ಮೊದಲು ಕೈಗೊಂಡ ಅಥವಾ ಕೈಗೊಳ್ಳದೆ ಉಳಿದ ಖರೀದಿ ನಿರ್ಧಾರವನ್ನು ಅವಲಂಬಿಸಿರುತ್ತದೆ ಎಂಬುದು ಈ ಎರಡು ಪ್ರಕರಣಗಳಿಂದ ತಿಳಿದುಬರುತ್ತದೆ.

ವಿಷಯವು ಸೇನೆಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವಂತಿಲ್ಲ. ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಬಂದರುಗಳಿಂದ ಆಳಸಮುದ್ರಕ್ಕೆ ತೆರಳುವ ದೋಣಿಯೊಂದು ಸಂಪರ್ಕ ಕಡಿದುಕೊಂಡಾಗ ಅದನ್ನು ಹುಡುಕಲು ಹೊರಡುವ ವಿಮಾನಗಳೂ ಇವೇ ವರ್ಗದವು.

ಹಿನ್ನೆಲೆ

ಸ್ವಾತಂತ್ರ್ಯಾನಂತರದ ಮೂರು ದಶಕಗಳ ಕಾಲ ದೂರವ್ಯಾಪ್ತಿಯ ಕಡಲ ಗಸ್ತಿನ ಹೊಣೆ ವಾಯುಪಡೆಯದಾಗಿತ್ತು. ಏರ್ ಇಂಡಿಯಾ ಸಂಸ್ಥೆಯು ಪ್ರಯಾಣಿಕರ ಸೇವೆಗೆ ಬಳಸಿದ್ದ ಸೂಪರ್ ಕಾನ್‌ಸ್ಟೆಲೇಷನ್ ವಿಮಾನಗಳನ್ನು ವಾಯುಪಡೆಗೆ ನೀಡಿ, ಅವುಗಳನ್ನು ಈ ಕಾರ್ಯಕ್ಕೆ ಮಾರ್ಪಡಿಸಲಾಗಿತ್ತು. ಎರಡು ಪಡೆಗಳ ನಡುವೆ ದೀರ್ಘಕಾಲ ನಡೆದ ಚರ್ಚೆಯ ತರುವಾಯ 1976ರಲ್ಲಿ ಹೊಣೆಯೊಂದಿಗೆ ವಿಮಾನಗಳೂ ನೌಕಾಪಡೆಗೆ ಹಸ್ತಾಂತರಗೊಂಡವು. ಅಂದರೆ ನೌಕಾಪಡೆಯು ಈ ಕೆಲಸವನ್ನು ಆರಂಭಿಸಿದ್ದೇ ಇಬ್ಬರು ಒಡೆಯರ ಕೈ ದಾಟಿ ಬಂದ ಹಳೆಯ ವಿಮಾನಗಳಿಂದ.

ಮರುವರ್ಷ, 1977ರ ಅಕ್ಟೋಬರ್‌ನಲ್ಲಿ, ಗೋವಾದಲ್ಲಿ ಐಎಲ್-38 ವಿಮಾನಗಳ 315ನೇ ನೌಕಾ ವಾಯುದಳವು ಕಾರ್ಯಾರಂಭ ಮಾಡಿತು. 1988ರಲ್ಲಿ 8 ಟಿಯು-142ಎಂ ವಿಮಾನಗಳು 312ನೇ ದಳಕ್ಕೆ ಸೇರ್ಪಡೆಯಾದವು. ನಾಲ್ಕು ಎಂಜಿನ್‌ಗಳು, ಪ್ರತಿ ಎಂಜಿನ್‌ಗೂ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡೆರಡು ಪಂಖಗಳು, ಮರು ಇಂಧನ ತುಂಬದೆಯೇ ಹಿಂದೂ ಮಹಾಸಾಗರದ ಬಹುಭಾಗವನ್ನು ಸುತ್ತಿ ಬರುವ ಶಕ್ತಿ ಇವುಗಳ ವಿಶೇಷ. ಇಷ್ಟು ದೊಡ್ಡ ವಿಮಾನಗಳಿಗೆ ಅಗತ್ಯವಾದ ರನ್‌ವೇ ಹೊಂದಿದ ಅರಕ್ಕೋಣಂ ನೆಲೆಯು 1992ರಲ್ಲಿ ಸಿದ್ಧವಾದ ಬಳಿಕ ದಳವು ಅಲ್ಲಿಗೆ ಸ್ಥಳಾಂತರಗೊಂಡಿತು. 29 ವರ್ಷಗಳ ಅವಧಿಯಲ್ಲಿ ಟಿಯು-142ಎಂ ದಳವು ಸುಮಾರು 30,000 ಗಂಟೆಗಳ ಹಾರಾಟವನ್ನು ಅಪಘಾತರಹಿತವಾಗಿ ಪೂರೈಸಿತು.

ಕರ್ನಾಟಕದ ನಾಗರಿಕರು ಈ ವಿಮಾನವನ್ನು ಸಮೀಪದಿಂದ ನೋಡಲು ಅವಕಾಶವಿದೆ. ನಿವೃತ್ತಗೊಂಡ ಒಂದು ಟಿಯು-142ಎಂ ವಿಮಾನವನ್ನು ಬಿಡಿಭಾಗಗಳಾಗಿ ರಸ್ತೆಯ ಮೂಲಕ ಕಾರವಾರಕ್ಕೆ ತಂದು, ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಚಾಪಲ್ ಯುದ್ಧನೌಕೆ ವಸ್ತುಸಂಗ್ರಹಾಲಯದ ಬಳಿ ಮರುಜೋಡಿಸಲಾಗಿದೆ. ವಿಮಾನದ ಗಾತ್ರವನ್ನು ಕಂಡವರಿಗೆ ಅದನ್ನು ಮೂರು ದಶಕ ಹಾರಾಟಯೋಗ್ಯವಾಗಿ ಇರಿಸಲು ತಂತ್ರಜ್ಞರು ಪಟ್ಟ ಶ್ರಮದ ಅಂದಾಜು ಸಿಗಬಹುದು.

ವಿಮಾನಕ್ಕೆ ವಯಸ್ಸಾಗುವ ಬಗೆ

ಕಾವಲು ವಿಮಾನಗಳ ಪೈಕಿ ಹೆಚ್ಚಿನವು ಹುಟ್ಟಿನಿಂದ ಪ್ರಯಾಣಿಕ ವಿಮಾನಗಳೇ ಆಗಿವೆ. ಐಎಲ್-38ರ ಮೂಲ ಐಎಲ್-18 ಪ್ರಯಾಣಿಕ ವಿಮಾನ; ಈಗಿನ ಪಿ-8ಐ ವಿಮಾನದ ಮೂಲ ಬೋಯಿಂಗ್ 737. ಬಾಂಬರ್ ಮೂಲದ ಟಿಯು-142 ಇದಕ್ಕೊಂದು ಅಪವಾದ. ಪ್ರಯಾಣಿಕ ವಿಮಾನವು ಎತ್ತರದಲ್ಲಿ, ತಿಳಿಯಾದ ಗಾಳಿಯಲ್ಲಿ, ನಿಗದಿತ ಮಾರ್ಗದಲ್ಲಿ ಸಾಗುತ್ತದೆ. ಅದೇ ರಚನೆಯ ಗಸ್ತು ವಿಮಾನವನ್ನು ಸಮುದ್ರದ ಮೇಲೆ ಕೆಳಮಟ್ಟಕ್ಕಿಳಿಸಿ, ಗಂಟೆಗಟ್ಟಲೆ ಸುತ್ತಿಸಿ, ಪದೇ ಪದೇ ತಿರುಗಿಸಲಾಗುತ್ತದೆ. ಕೆಳಮಟ್ಟದ ಗಾಳಿಯ ಕುಲುಕಾಟದಿಂದ ರೆಕ್ಕೆಯ ಲೋಹವು ದಣಿಯುತ್ತದೆ. ಉಪ್ಪುಗಾಳಿಯು ಜೋಡಣೆಗಳ ಸಂದಿಗಳಲ್ಲಿ ಸೇರಿ ತುಕ್ಕು ಹಿಡಿಸುತ್ತದೆ. ಕಡಲ ಮೇಲಿನ ಹಾರಾಟದ ನಂತರ ವಿಮಾನವನ್ನು ಸಿಹಿನೀರಿನಿಂದ ತೊಳೆಯುವ ಪದ್ಧತಿ ಇರುವುದು ಇದೇ ಕಾರಣಕ್ಕಾಗಿ.

ಲೋಹದ ದಣಿವಿಗಿಂತ ಮುಂಚೆ ಹಳತಾಗುವುದು ಒಳಗಿನ ಉಪಕರಣಗಳು. ಕಾವಲು ವಿಮಾನದ ನಿಜವಾದ ಬೆಲೆ ಇರುವುದು ಅದರ ರೇಡಾರ್‌ನಲ್ಲಿ, ಸಮುದ್ರಕ್ಕೆ ಬಿಟ್ಟ ಸೋನೋಬಾಯ್‌ಗಳು ಕಳುಹಿಸುವ ಧ್ವನಿಯನ್ನು ವಿಶ್ಲೇಷಿಸುವ ಗಣಕಗಳಲ್ಲಿ ಮತ್ತು ದೊರೆತ ಮಾಹಿತಿಯನ್ನು ಹಡಗಿಗೂ ನೆಲೆಗೂ ತಲುಪಿಸುವ ಸಂಪರ್ಕ ವ್ಯವಸ್ಥೆಯಲ್ಲಿ. ಸೋನೋಬಾಯ್ ಎಂಬುದು ವಿಮಾನದಿಂದ ನೀರಿಗೆ ಬೀಳಿಸುವ ಕೊಳವೆಯಾಕಾರದ ತೇಲುವ ಸಾಧನ. ಅದರ ಕೆಳಗೆ ಇಳಿಬಿದ್ದ ಧ್ವನಿಗ್ರಾಹಕವು ಜಲಾಂತರ್ಗಾಮಿ ನೌಕೆಯ ಯಂತ್ರಗಳ ಸದ್ದನ್ನು ಆಲಿಸಿ ರೇಡಿಯೋ ಮೂಲಕ ವಿಮಾನಕ್ಕೆ ಕಳುಹಿಸುತ್ತದೆ. ಜಲಾಂತರ್ಗಾಮಿಗಳು ವರ್ಷದಿಂದ ವರ್ಷಕ್ಕೆ ನಿಶ್ಶಬ್ದವಾಗುತ್ತಿರುವಾಗ ಹಳೆಯ ಶ್ರವಣ ಉಪಕರಣವು ಕೆಟ್ಟುಹೋಗದಿದ್ದರೂ ಉಪಯೋಗ ಕಳೆದುಕೊಳ್ಳುತ್ತದೆ.

ಮೂರನೆಯ ಕಾರಣ ಬಿಡಿಭಾಗಗಳ ಪೂರೈಕೆ. 1991ರಲ್ಲಿ ಸೋವಿಯತ್ ಒಕ್ಕೂಟವು ವಿಘಟನೆಗೊಂಡಾಗ ಒಂದೇ ವಿಮಾನದ ಭಾಗಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಗಳು ಬೇರೆ ಬೇರೆ ದೇಶಗಳಿಗೆ ಹಂಚಿಹೋದವು. ಒಟ್ಟು 5 ಅಥವಾ 8 ವಿಮಾನಗಳಷ್ಟೇ ಇರುವ ಸಣ್ಣ ದಳಕ್ಕೆ ಇದರಿಂದಾಗುವ ತೊಂದರೆ ಅಧಿಕ. ಒಂದು ವಿಮಾನ ದೀರ್ಘ ದುರಸ್ತಿಗೆ ಹೋಗಿ, ಇನ್ನೊಂದು ಬಿಡಿಭಾಗಕ್ಕಾಗಿ ಕಾದು ನಿಂತರೆ ಐದರ ದಳದಲ್ಲಿ ಉಳಿಯುವುದು ಮೂರೇ. ಅವುಗಳಲ್ಲಿ ಒಂದು ತರಬೇತಿಗೆ ಬೇಕಾಗುತ್ತದೆ.

ಐಎಲ್-38 ದಳವು ಇದಕ್ಕಿಂತ ತೀವ್ರವಾದ ನಷ್ಟವನ್ನೂ ಅನುಭವಿಸಿತು. 2002ರ ಅಕ್ಟೋಬರ್ 1ರಂದು, ದಳದ ರಜತ ಮಹೋತ್ಸವದ ಸಂದರ್ಭದಲ್ಲಿ, ಗೋವಾದ ಆಗಸದಲ್ಲಿ ಎರಡು ಐಎಲ್-38 ವಿಮಾನಗಳು ಡಿಕ್ಕಿ ಹೊಡೆದು ಎರಡರಲ್ಲೂ ಇದ್ದ 12 ಮಂದಿ ನೌಕಾ ಸಿಬ್ಬಂದಿ ಮೃತಪಟ್ಟರು. ನೆಲದ ಮೇಲಿದ್ದವರ ಪ್ರಾಣವೂ ಹೋಯಿತು. ಐದು ವಿಮಾನಗಳ ದಳ ಒಂದೇ ದಿನದಲ್ಲಿ ಮೂರಕ್ಕಿಳಿಯಿತು. ಆ ನಂತರ ರಷ್ಯಾದಿಂದ ಎರಡು ವಿಮಾನಗಳನ್ನು ಪಡೆದು, ಸೀ ಡ್ರ್ಯಾಗನ್ ಎಂಬ ಹೊಸ ಉಪಕರಣ ವ್ಯವಸ್ಥೆಯನ್ನು ಅಳವಡಿಸಿ ದಳವನ್ನು ಪುನಃ ಕಟ್ಟಲಾಯಿತು. ಮೇಲ್ದರ್ಜೆಗೇರಿಸಿದ ವಿಮಾನಗಳು 2006ರಿಂದ ಸೇವೆಗೆ ಮರಳಿದವು. ಈ ಕ್ರಮವು ದಳದ ಆಯುಷ್ಯವನ್ನು ಸುಮಾರು ಹದಿನೇಳು ವರ್ಷ ವಿಸ್ತರಿಸಿತು. ಆದರೆ ಆಯುಷ್ಯ ವಿಸ್ತರಣೆಯು ಬದಲಿ ವಿಮಾನವನ್ನು ಗೊತ್ತುಪಡಿಸಲು ದೊರೆತ ಕಾಲಾವಕಾಶವೇ ಹೊರತು ಬದಲಿ ವಿಮಾನವಲ್ಲ.

ಕಾಲಕ್ಕೆ ಸರಿಯಾಗಿ ನಡೆದ ಬದಲಾವಣೆ

ಟಿಯು-142ಎಂ ವಿಮಾನಗಳಿಗೆ ಬದಲಿಯಾಗಿ 8 ಪಿ-8ಐ ವಿಮಾನಗಳನ್ನು ಖರೀದಿಸಲು ಅಮೆರಿಕದ ಬೋಯಿಂಗ್ ಸಂಸ್ಥೆಯೊಂದಿಗೆ 2009ರ ಜನವರಿಯಲ್ಲಿ ಒಪ್ಪಂದ ಮಾಡಿಕೊಳ್ಳಲಾಯಿತು. ಒಪ್ಪಂದದ ಮೊತ್ತ ಸುಮಾರು 210 ಕೋಟಿ ಡಾಲರ್. ಮುಂಬಯಿಯ ಮೇಲೆ ಸಮುದ್ರಮಾರ್ಗವಾಗಿ ಬಂದ ಭಯೋತ್ಪಾದಕರು 2008ರ ನವೆಂಬರ್ 26ರಂದು ದಾಳಿ ನಡೆಸಿದ ಕೆಲವೇ ವಾರಗಳ ಬಳಿಕ ಒಪ್ಪಂದಕ್ಕೆ ಸಹಿಯಾಯಿತಾದರೂ, ಆಯ್ಕೆಯ ಪ್ರಕ್ರಿಯೆ ಅದಕ್ಕೂ ಬಹಳ ಮೊದಲೇ ಆರಂಭವಾಗಿತ್ತು. ದಾಳಿಯ ನಂತರ ಹೊಸದಾಗಿ ಆಲೋಚಿಸಲು ಕುಳಿತಿದ್ದರೆ ವಿಮಾನಗಳು ಬರುವುದು ಇನ್ನೂ ಹಲವು ವರ್ಷ ತಡವಾಗುತ್ತಿತ್ತು.

ಮೊದಲ ಪಿ-8ಐ ವಿಮಾನವು 2013ರ ಮೇ 15ರಂದು ಅರಕ್ಕೋಣಂಗೆ ಬಂದಿಳಿಯಿತು; ಎಂಟನೆಯದು 2015ರಲ್ಲಿ ಬಂತು. ಹೀಗೆ ಹೊಸ ವಿಮಾನ ಬಂದ ನಂತರವೂ ಹಳೆಯ ವಿಮಾನಗಳು 2017ರವರೆಗೆ ಪಕ್ಕದಲ್ಲೇ ಹಾರುತ್ತಿದ್ದವು. ಲೆಕ್ಕಪತ್ರದ ದೃಷ್ಟಿಯಿಂದ ಎರಡು ಮಾದರಿಗಳನ್ನು ಏಕಕಾಲಕ್ಕೆ ಸಾಕುವುದು ದುಂದುವೆಚ್ಚವೆಂದು ತೋರಬಹುದು. ಆದರೆ ಜಲಾಂತರ್ಗಾಮಿಯ ಬೆನ್ನಟ್ಟುವ ಕೌಶಲವು ಯಂತ್ರದೊಂದಿಗೆ ಬರುವುದಿಲ್ಲ. ಯಾವ ಋತುವಿನಲ್ಲಿ ಅರಬ್ಬಿ ಸಮುದ್ರದ ಯಾವ ಭಾಗದಲ್ಲಿ ಧ್ವನಿ ಹೇಗೆ ಸಾಗುತ್ತದೆ, ಮೀನುಗಾರಿಕೆ ದೋಣಿಗಳ ಸದ್ದಿನ ನಡುವೆ ಬೇರೆ ಸದ್ದನ್ನು ಹೇಗೆ ಗುರುತಿಸಬೇಕು ಎಂಬಂತಹ ತಿಳಿವಳಿಕೆ ಹಳೆಯ ದಳದ ಸಿಬ್ಬಂದಿಯ ಕಿವಿಯಲ್ಲಿತ್ತು. ಅದನ್ನು ಹೊಸ ಸಿಬ್ಬಂದಿಗೆ ಒಪ್ಪಿಸಲು ಈ ನಾಲ್ಕು ವರ್ಷಗಳು ಒದಗಿಬಂದವು. ದಳದ 312 ಎಂಬ ಸಂಖ್ಯೆಯೂ ಹೊಸ ವಿಮಾನಗಳಿಗೆ ಮುಂದುವರಿಯಿತು.

ಪಿ-8ಐ ವಿಮಾನವು ನೆಲೆಯಿಂದ ಸುಮಾರು 2,200 ಕಿಲೋಮೀಟರ್ ದೂರಕ್ಕೆ ತೆರಳಿ, ಅಲ್ಲಿ ಸುಮಾರು ನಾಲ್ಕು ಗಂಟೆ ಗಸ್ತು ನಡೆಸಿ ಹಿಂದಿರುಗಬಲ್ಲದು. ಟಿಯು-142ಎಂ ಇದಕ್ಕಿಂತ ದೂರ ಹೋಗುತ್ತಿತ್ತೆಂಬುದು ನಿಜ. ಹಾರಾಟದ ದೂರವೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಹೊಸ ವಿಮಾನವು ಹಿಂದೆ ಬಿದ್ದಿದೆ ಎನ್ನಬೇಕಾಗುತ್ತದೆ. ಆದರೆ ಕಂಡದ್ದನ್ನು ಗುರುತಿಸುವ ಮತ್ತು ಗುರುತಿಸಿದ್ದನ್ನು ಆ ಕ್ಷಣವೇ ಇತರರಿಗೆ ತಿಳಿಸುವ ಸಾಮರ್ಥ್ಯದಲ್ಲಿ ಎರಡಕ್ಕೂ ಹೋಲಿಕೆಯಿಲ್ಲ. 2016ರಲ್ಲಿ ಇನ್ನೂ 4 ಪಿ-8ಐ ವಿಮಾನಗಳಿಗೆ ಒಪ್ಪಂದವಾಗಿ, 2022ರ ವೇಳೆಗೆ ಒಟ್ಟು ಸಂಖ್ಯೆ 12ಕ್ಕೇರಿತು.

ಬ್ರಿಟನ್ನಿನ ಅನುಭವ

ಬದಲಾವಣೆಯ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ನಿಮ್‌ರಾಡ್ ವಿಮಾನಗಳ ಇತಿಹಾಸವನ್ನು ನೋಡಬಹುದು. 1949ರಲ್ಲಿ ಮೊದಲು ಹಾರಿದ ಕಾಮೆಟ್ ಪ್ರಯಾಣಿಕ ವಿಮಾನದ ವಿನ್ಯಾಸವನ್ನು ಆಧರಿಸಿದ ನಿಮ್‌ರಾಡ್, 1969ರಲ್ಲಿ ಬ್ರಿಟನ್ನಿನ ವಾಯುಪಡೆಗೆ ಸೇರಿತು. 1996ರಲ್ಲಿ ಬದಲಿ ವಿಮಾನದ ಆಯ್ಕೆ ನಡೆದಾಗ ಹಳೆಯ ನಿಮ್‌ರಾಡ್‌ಗಳ ಒಡಲನ್ನೇ ಉಳಿಸಿಕೊಂಡು ಹೊಸ ರೆಕ್ಕೆ, ಹೊಸ ಎಂಜಿನ್ ಮತ್ತು ಹೊಸ ಉಪಕರಣ ಜೋಡಿಸುವುದೆಂದು ತೀರ್ಮಾನಿಸಲಾಯಿತು. ಹೊಸದನ್ನು ಕೊಳ್ಳುವುದಕ್ಕಿಂತ ಇದು ಮಿತವ್ಯಯವೆಂದು ಭಾವಿಸಲಾಗಿತ್ತು. ಕೆಲಸಕ್ಕೆ ಕೈಹಾಕಿದ ಮೇಲೆ ತಿಳಿದುಬಂದ ಸಂಗತಿಯೆಂದರೆ, 1960ರ ದಶಕದಲ್ಲಿ ಬಹುಪಾಲು ಕೈಕೆಲಸದಿಂದ ತಯಾರಾದ ಆ ಒಡಲುಗಳ ಅಳತೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ; ಗಣಕದ ವಿನ್ಯಾಸದಂತೆ ಕರಾರುವಾಕ್ಕಾಗಿ ತಯಾರಾದ ರೆಕ್ಕೆಗಳು ಅವುಗಳಿಗೆ ಸರಿಯಾಗಿ ಕೂಡಲಿಲ್ಲ. ಆರಂಭದಲ್ಲಿ 21 ಎಂದಿದ್ದ ವಿಮಾನಗಳ ಸಂಖ್ಯೆಯನ್ನು ಹಂತಹಂತವಾಗಿ 9ಕ್ಕೆ ಇಳಿಸಲಾಯಿತು. ವರ್ಷಗಳು ಉರುಳಿದವು.

ಈ ವಿಳಂಬದ ಅವಧಿಯಲ್ಲಿ ಹಳೆಯ ವಿಮಾನಗಳು ಹಾರುತ್ತಲೇ ಇರಬೇಕಾಯಿತು. 2006ರ ಸೆಪ್ಟೆಂಬರ್ 2ರಂದು ಅಫಘಾನಿಸ್ತಾನದ ಕಂದಹಾರ್ ಬಳಿ ಒಂದು ನಿಮ್‌ರಾಡ್ ವಿಮಾನವು ಆಗಸದಲ್ಲೇ ಇಂಧನ ತುಂಬಿಸಿಕೊಂಡ ಕೆಲವೇ ನಿಮಿಷಗಳಲ್ಲಿ ಬೆಂಕಿಗೆ ತುತ್ತಾಗಿ ಅದರಲ್ಲಿದ್ದ 14 ಮಂದಿಯೂ ಮೃತಪಟ್ಟರು. 2009ರಲ್ಲಿ ಪ್ರಕಟವಾದ ಹ್ಯಾಡನ್-ಕೇವ್ ವಿಚಾರಣಾ ವರದಿಯು, ಸೋರಿದ ಇಂಧನವು ಬಿಸಿಗಾಳಿಯ ಕೊಳವೆಗೆ ತಗುಲಿದ್ದೇ ಕಾರಣವಿರಬೇಕೆಂದು ಅಭಿಪ್ರಾಯಪಟ್ಟು, ಸುರಕ್ಷತಾ ಪರಿಶೀಲನೆಯಲ್ಲಿನ ಗಂಭೀರ ಲೋಪಗಳನ್ನು ಎತ್ತಿ ತೋರಿಸಿತು. 2010ರ ಮಾರ್ಚ್‌ನಲ್ಲಿ ಹಳೆಯ ನಿಮ್‌ರಾಡ್‌ಗಳು ಗಸ್ತಿನಿಂದ ನಿವೃತ್ತಿಯಾದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಹೊಸ ನಿಮ್‌ರಾಡ್ ಯೋಜನೆಯನ್ನು ವೆಚ್ಚ ಕಡಿತದ ಭಾಗವಾಗಿ ರದ್ದುಪಡಿಸಲಾಯಿತು.

ಆನಂತರ ಸುಮಾರು ಒಂದು ದಶಕ ಕಾಲ ದ್ವೀಪರಾಷ್ಟ್ರವಾದ ಬ್ರಿಟನ್ನಿಗೆ ತನ್ನದೇ ಆದ ದೂರವ್ಯಾಪ್ತಿಯ ಕಡಲ ಗಸ್ತು ವಿಮಾನ ಇರಲಿಲ್ಲ. ಸ್ಕಾಟ್ಲೆಂಡಿನ ತೀರದಲ್ಲಿ ಅಪರಿಚಿತ ಜಲಾಂತರ್ಗಾಮಿಯ ಸಂಶಯ ಬಂದಾಗ ಮಿತ್ರರಾಷ್ಟ್ರಗಳ ವಿಮಾನಗಳನ್ನು ಕರೆಸಿಕೊಳ್ಳಬೇಕಾಯಿತು. ಬ್ರಿಟನ್ನಿನ ಮೊದಲ ಪಿ-8 ವಿಮಾನ ತಾಯ್ನೆಲ ತಲುಪಿದ್ದು 2020ರ ಫೆಬ್ರವರಿಯಲ್ಲಿ. ಭಾರತವು ಅದೇ ಮೂಲ ಮಾದರಿಯ ವಿಮಾನವನ್ನು ಅದಕ್ಕೂ ಆರು ವರ್ಷಗಳಿಗಿಂತ ಮೊದಲೇ ಪಡೆದಿತ್ತು.

ಐಎಲ್-38ರ ತೆರವಾದ ಸ್ಥಾನ

ಭಾರತದ ಪರಿಸ್ಥಿತಿ ಬ್ರಿಟನ್ನಿನಷ್ಟು ತೀವ್ರವಾದುದಲ್ಲ. ಐಎಲ್-38 ನಿವೃತ್ತಿಯಾಗುವ ಮುನ್ನ, 2022ರ ಮಾರ್ಚ್ 29ರಂದು, ಗೋವಾದ ಐಎನ್‌ಎಸ್ ಹಂಸ ನೆಲೆಯಲ್ಲಿ ಪಿ-8ಐ ವಿಮಾನಗಳ ಎರಡನೆಯ ದಳವಾದ 316ನೇ ನೌಕಾ ವಾಯುದಳವನ್ನು ಸ್ಥಾಪಿಸಲಾಯಿತು. ಟಿಯು-142ಎಂ ನಿವೃತ್ತಿಯಾಗಿ ಸರಿಯಾಗಿ ಐದು ವರ್ಷ ತುಂಬಿದ ದಿನವದು. ಪಶ್ಚಿಮ ಕರಾವಳಿಯು ಬರಿದಾಗಿಲ್ಲ.

ಆದರೆ ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಐಎಲ್-38 ದಳದಲ್ಲಿ 5 ವಿಮಾನಗಳಿದ್ದವು, ಟಿಯು-142ಎಂ 8 ಇದ್ದವು, ಒಟ್ಟು 13. ಈಗ 12 ಪಿ-8ಐ ವಿಮಾನಗಳು ಎರಡೂ ಕರಾವಳಿಗಳ ಕೆಲಸವನ್ನು ಹಂಚಿಕೊಳ್ಳುತ್ತಿವೆ. ಇದೇ ಅವಧಿಯಲ್ಲಿ ಕೆಲಸದ ಪ್ರಮಾಣ ಹೆಚ್ಚಿದೆ. 2017ರಲ್ಲಿ ಡೋಕ್ಲಾಂ ಹಾಗೂ 2020ರಲ್ಲಿ ಪೂರ್ವ ಲಡಾಖ್‌ನ ಬಿಕ್ಕಟ್ಟಿನ ವೇಳೆ ಕಡಲಿಗಾಗಿ ಕೊಂಡ ಈ ವಿಮಾನಗಳನ್ನು ಹಿಮಾಲಯದ ಗಡಿಯ ಮೇಲಿನ ನಿಗಾಕ್ಕೂ ಬಳಸಲಾಯಿತು. 2019ರ ಜೂನ್‌ನಲ್ಲಿ ಅರುಣಾಚಲ ಪ್ರದೇಶದ ಕಾಡಿನಲ್ಲಿ ಕಣ್ಮರೆಯಾದ ವಾಯುಪಡೆಯ ಎಎನ್-32 ವಿಮಾನದ ಶೋಧಕ್ಕೂ ಅರಕ್ಕೋಣಂನಿಂದ ಪಿ-8ಐ ತೆರಳಿತ್ತು. ಸಮರ್ಥ ಉಪಕರಣಕ್ಕೆ ಎಲ್ಲ ಕಡೆಯಿಂದಲೂ ಬೇಡಿಕೆ ಬರುವುದು ಸಹಜ. ಆದರೆ ಹಾರಾಟದ ಪ್ರತಿ ಗಂಟೆಯೂ ವಿಮಾನದ ಒಟ್ಟು ಆಯುಷ್ಯದಿಂದ ಕಳೆಯಲ್ಪಡುತ್ತದೆ.

ಮೀನುಗಾರಿಕೆ ವಲಯದ ಮೇಲಿನ ನಿಗಾ, ವ್ಯಾಪಾರಿ ಹಡಗುಗಳ ಗುರುತು ಪರಿಶೀಲನೆ, ತೀರದಿಂದ ಕೆಲವು ನೂರು ಕಿಲೋಮೀಟರ್ ಒಳಗಿನ ಶೋಧಕಾರ್ಯ ಇವುಗಳಿಗೆ ಪಿ-8ಐನಂತಹ ದುಬಾರಿ ಜೆಟ್ ವಿಮಾನದ ಅಗತ್ಯವಿಲ್ಲ. ಇವು ಮಧ್ಯಮ ವ್ಯಾಪ್ತಿಯ ವಿಮಾನದ ಕೆಲಸಗಳು. ಅಂತಹ ವಿಮಾನಗಳ ಖರೀದಿ ಪ್ರಕ್ರಿಯೆಯನ್ನು 2010ರ ಸುಮಾರಿಗೆ ಕೈಗೆತ್ತಿಕೊಳ್ಳಲಾಗಿತ್ತಾದರೂ ಅದು ಒಪ್ಪಂದದ ಹಂತವನ್ನು ತಲುಪಲಿಲ್ಲ. 2024ರ ಫೆಬ್ರವರಿಯಲ್ಲಿ ರಕ್ಷಣಾ ಖರೀದಿ ಮಂಡಳಿಯು ನೌಕಾಪಡೆಗೆ ಮಧ್ಯಮ ವ್ಯಾಪ್ತಿಯ ಕಡಲ ಗಸ್ತು ವಿಮಾನಗಳನ್ನೂ ಕರಾವಳಿ ರಕ್ಷಣಾ ಪಡೆಗೆ ಬಹೂದ್ದೇಶ ವಿಮಾನಗಳನ್ನೂ ಪಡೆಯುವ ಪ್ರಸ್ತಾವಕ್ಕೆ ಅಂಗೀಕಾರ ನೀಡಿತು. ಸಿ-295 ಸಾರಿಗೆ ವಿಮಾನವನ್ನು ಆಧರಿಸಿ ಕ್ರಮವಾಗಿ 9 ಹಾಗೂ 6 ವಿಮಾನಗಳನ್ನು ಪಡೆಯುವುದು ಈ ಪ್ರಸ್ತಾವದ ಉದ್ದೇಶ. ಸಾರ್ವಜನಿಕರು ಗಮನಿಸಬೇಕಾದುದೇನೆಂದರೆ, ಮಂಡಳಿಯ ಅಂಗೀಕಾರವು ಅವಶ್ಯಕತೆಯನ್ನು ಒಪ್ಪಿಕೊಂಡಂತೆಯೇ ಹೊರತು ಖರೀದಿಯಲ್ಲ. ಅದರ ನಂತರ ಪ್ರಸ್ತಾವ ಆಹ್ವಾನ, ತಾಂತ್ರಿಕ ಮೌಲ್ಯಮಾಪನ, ದರ ಸಂಧಾನ, ಹಣಕಾಸಿನ ಮಂಜೂರಾತಿ, ಒಪ್ಪಂದ, ತಯಾರಿಕೆ, ಪರೀಕ್ಷಾ ಹಾರಾಟ ಎಂಬ ಹಂತಗಳಿವೆ. ಪಿ-8ಐನಂತಹ, ಬಹುಮಟ್ಟಿಗೆ ಸಿದ್ಧವಾಗಿದ್ದ ವಿನ್ಯಾಸಕ್ಕೇ ಒಪ್ಪಂದದಿಂದ ಮೊದಲ ವಿಮಾನದ ಆಗಮನಕ್ಕೆ ನಾಲ್ಕು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಐಎಲ್-38 ಮೇಲ್ದರ್ಜೆಗೇರಿದ 2006ರಿಂದ ಲಭ್ಯವಿದ್ದ ಕಾಲಾವಕಾಶವನ್ನು ಲೆಕ್ಕ ಹಾಕಿದರೆ, ಇಲ್ಲಿ ವಿಳಂಬವಾಗಿದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕಾಗುತ್ತದೆ.

ಈ ನಡುವಿನ ಅವಧಿಯ ಭಾರವನ್ನು ಹೊರುತ್ತಿರುವ ಇನ್ನೊಂದು ವಿಮಾನ ಡಾರ್ನಿಯರ್-228. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಕಾನ್ಪುರ ಘಟಕದಲ್ಲಿ ತಯಾರಾಗುವ, ಎರಡು ಎಂಜಿನ್‌ಗಳ ಈ ಸಣ್ಣ ವಿಮಾನವು ತೀರಕ್ಕೆ ಸಮೀಪದ ಗಸ್ತಿನಲ್ಲಿ ಬಹುಕಾಲದಿಂದ ದುಡಿಯುತ್ತಿದೆ. 2022ರ ಆಗಸ್ಟ್‌ನಲ್ಲಿ ಪೋರಬಂದರಿನ 314ನೇ ದಳದ ಐವರು ಮಹಿಳಾ ಅಧಿಕಾರಿಗಳು ಇದೇ ವಿಮಾನದಲ್ಲಿ ಉತ್ತರ ಅರಬ್ಬಿ ಸಮುದ್ರದ ಗಸ್ತನ್ನು ಸ್ವತಂತ್ರವಾಗಿ ನಡೆಸಿದ್ದು ಆಗ ಸುದ್ದಿಯಾಗಿತ್ತು. ನೌಕಾಪಡೆಯ 25 ಡಾರ್ನಿಯರ್‌ಗಳನ್ನು ಮೇಲ್ದರ್ಜೆಗೇರಿಸಲು 2024ರ ಮಾರ್ಚ್‌ನಲ್ಲಿ 2,890 ಕೋಟಿ ರೂಪಾಯಿಗಳ ಒಪ್ಪಂದವಾಗಿದೆ. ಮಾನವರಹಿತ ವಿಮಾನಗಳೂ ಈ ಕಾರ್ಯಕ್ಕೆ ಬಂದಿವೆ. 2020ರಿಂದ ಎರಡು ಎಂಕ್ಯು-9ಬಿ ವಿಮಾನಗಳನ್ನು ಬಾಡಿಗೆಗೆ ಪಡೆದು ಅರಕ್ಕೋಣಂನಿಂದ ಹಾರಿಸಲಾಯಿತು. ಅವುಗಳಲ್ಲೊಂದು 2024ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ವೈಫಲ್ಯದಿಂದ ಬಂಗಾಳ ಕೊಲ್ಲಿಯಲ್ಲಿ ಇಳಿಯಬೇಕಾಗಿ ಬಂತು. ಮರುತಿಂಗಳು ಮೂರೂ ಪಡೆಗಳಿಗಾಗಿ 31 ವಿಮಾನಗಳ ಖರೀದಿಗೆ ಒಪ್ಪಂದವಾಗಿದ್ದು, ಅವುಗಳಲ್ಲಿ 15 ನೌಕಾಪಡೆಯ ಪಾಲಿನವು. ಮಾನವರಹಿತ ವಿಮಾನವು ದೀರ್ಘಕಾಲ ಕಣ್ಣಿಡಬಲ್ಲದು.

ಬೆಂಗಳೂರಿನ ಸಂಸ್ಥೆಗಳ ಪಾತ್ರ

ಹೊಸ ವಿಮಾನಗಳು ವಿದೇಶದಿಂದ ಬಂದರೂ ಅವುಗಳ ಒಳಗಿನ ಕೆಲವು ಭಾಗಗಳು ಕರ್ನಾಟಕದವು. ಪಿ-8ಐ ವಿಮಾನವು ನೌಕಾಪಡೆಯ ಹಡಗುಗಳೊಂದಿಗೆ ಮಾಹಿತಿ ವಿನಿಮಯ ಮಾಡಿಕೊಳ್ಳುವ ಡೇಟಾ ಲಿಂಕ್-2 ವ್ಯವಸ್ಥೆಯನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಒದಗಿಸಿದೆ. ಸಿ-295 ಆಧಾರಿತ ಗಸ್ತು ವಿಮಾನದ ವ್ಯವಸ್ಥೆಗಳ ಹೊಣೆ ಇರುವುದು ಬೆಂಗಳೂರಿನಲ್ಲಿರುವ ವಾಯುವಾಹಿತ ವ್ಯವಸ್ಥೆಗಳ ಕೇಂದ್ರದ ಮೇಲೆ.

ಈ ಕೇಂದ್ರವು ದೊಡ್ಡ ಬೆಲೆ ತೆತ್ತು ಅನುಭವ ಗಳಿಸಿದೆ. ಶತ್ರುವಿಮಾನಗಳನ್ನು ದೂರದಿಂದಲೇ ಪತ್ತೆಹಚ್ಚುವ ರೇಡಾರನ್ನು ಎಚ್‌ಎಸ್-748 ಆವ್ರೋ ವಿಮಾನದ ಮೇಲೆ ಅಳವಡಿಸಿ ಪರೀಕ್ಷಿಸುತ್ತಿದ್ದಾಗ, 1999ರ ಜನವರಿ 11ರಂದು ಅರಕ್ಕೋಣಂ ಸಮೀಪ ಆ ವಿಮಾನ ಪತನಗೊಂಡು ವಿಜ್ಞಾನಿಗಳೂ ಸೇರಿದಂತೆ 8 ಮಂದಿ ಮೃತಪಟ್ಟರು. ಯೋಜನೆ ಅಲ್ಲಿಗೇ ನಿಂತಿತು. ವರ್ಷಗಳ ಬಳಿಕ ಅದೇ ಕೇಂದ್ರವು ಎಂಬ್ರೇಯರ್-145 ವಿಮಾನದ ಮೇಲೆ ನಿರ್ಮಿಸಿದ ನೇತ್ರ ವ್ಯವಸ್ಥೆಯನ್ನು 2017ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಪ್ರದರ್ಶನದ ಸಂದರ್ಭದಲ್ಲಿ ವಾಯುಪಡೆಗೆ ಒಪ್ಪಿಸಲಾಯಿತು. ಮುಂದಿನ ಪೀಳಿಗೆಯ ಇಂತಹ ವ್ಯವಸ್ಥೆಗೆ ಏರ್ ಇಂಡಿಯಾ ಬಳಸಿದ್ದ 6 ಏರ್‌ಬಸ್-321 ವಿಮಾನಗಳನ್ನು ಉಪಯೋಗಿಸಲು 2021ರಲ್ಲಿ ಅನುಮತಿ ನೀಡಲಾಗಿದೆ. ಸೂಪರ್ ಕಾನ್‌ಸ್ಟೆಲೇಷನ್ ಕಾಲದ ಪದ್ಧತಿ ಮರಳಿದಂತೆ ಇದು ಕಾಣಬಹುದು. ಒಡಲಿನ ಉಳಿದ ಆಯುಷ್ಯವನ್ನು ಮೊದಲೇ ನಿಖರವಾಗಿ ಅಳೆದುಕೊಂಡರೆ ಬಳಸಿದ ವಿಮಾನವನ್ನು ಆರಿಸುವುದರಲ್ಲಿ ತಪ್ಪಿಲ್ಲ. ನಿಮ್‌ರಾಡ್ ಪ್ರಕರಣದಲ್ಲಿ ಆಗದೆ ಹೋದದ್ದು ಆ ಅಳತೆಯೇ.

ದೋಣಿಯ ನೋಂದಣಿಗೂ ವಿಮಾನಕ್ಕೂ ಇರುವ ಸಂಬಂಧ

ಮಲ್ಪೆ ಬಂದರಿನಿಂದ 2018ರ ಡಿಸೆಂಬರ್ 13ರಂದು ಹೊರಟ ಸುವರ್ಣ ತ್ರಿಭುಜ ದೋಣಿಯು ಎರಡು ದಿನಗಳ ಬಳಿಕ ಸಂಪರ್ಕ ಕಳೆದುಕೊಂಡಿತು. ಅದರಲ್ಲಿ ಉಡುಪಿ ಹಾಗೂ ಉತ್ತರ ಕನ್ನಡ ಜಿಲ್ಲೆಗಳ 7 ಮೀನುಗಾರರಿದ್ದರು. ಸಮುದ್ರದಲ್ಲಿಯೂ ಆಗಸದಿಂದಲೂ ಶೋಧ ನಡೆಯಿತು. ದೋಣಿಯ ಅವಶೇಷವನ್ನು ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ ತೀರದಾಚೆ ಸಮುದ್ರದ ತಳದಲ್ಲಿ ಪತ್ತೆಹಚ್ಚಿದ್ದು 2019ರ ಮೇ ತಿಂಗಳಲ್ಲಿ. ವಿಮಾನದ ರೇಡಾರ್ ನೀರಿನ ಮೇಲಿರುವುದನ್ನು ಮಾತ್ರ ಕಾಣಬಲ್ಲದು. ಮುಳುಗಿದ ದೋಣಿಯನ್ನು ಹುಡುಕಲು ಹಡಗಿನ ಸೋನಾರ್ ಬೇಕು. ಆದ್ದರಿಂದ ವಿಮಾನದ ಉಪಯೋಗವಿರುವುದು ಮೊದಲ ಕೆಲವು ಗಂಟೆಗಳಲ್ಲಿ.

ಆ ಗಂಟೆಗಳ ಮಹತ್ವವನ್ನು ಸರಳ ಗಣಿತದಿಂದ ಅರಿಯಬಹುದು. ಎಂಜಿನ್ ಕೆಟ್ಟ ದೋಣಿಯೊಂದು ಗಂಟೆಗೆ 2 ಕಿಲೋಮೀಟರ್ ವೇಗದಲ್ಲಿ, ಗೊತ್ತಿಲ್ಲದ ದಿಕ್ಕಿಗೆ ತೇಲುತ್ತಿದೆ ಎಂದಿಟ್ಟುಕೊಂಡರೆ, 10 ಗಂಟೆಗಳ ನಂತರ ಹುಡುಕಬೇಕಾದ ವೃತ್ತದ ವಿಸ್ತೀರ್ಣ ಸುಮಾರು 1,256 ಚದರ ಕಿಲೋಮೀಟರ್. 20 ಗಂಟೆಗಳಾದರೆ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ ಸುಮಾರು 5,026 ಚದರ ಕಿಲೋಮೀಟರ್ ಆಗುತ್ತದೆ. ವಿಮಾನವು ಬೇರೊಂದು ಕೆಲಸದ ಮೇಲಿದ್ದು ಮರುದಿನ ಬಂದರೆ ಆಗುವ ವ್ಯತ್ಯಾಸ ಇಷ್ಟು. ಮಧ್ಯಮ ವ್ಯಾಪ್ತಿಯ ವಿಮಾನಗಳ ಖರೀದಿಯನ್ನು ಕಡತದ ವಿಷಯವೆಂದು ಪರಿಗಣಿಸುವವರು ಈ ಲೆಕ್ಕವನ್ನೂ ನೋಡುವುದು ಒಳಿತು.

ವಿಮಾನದ ಶ್ರಮವನ್ನು ಕಡಿಮೆ ಮಾಡುವ ಕೆಲಸ ದಡದಲ್ಲೂ ನಡೆಯಬೇಕಾಗಿದೆ. ಗಸ್ತು ವಿಮಾನದ ಪರದೆಯ ಮೇಲೆ ಒಂದೇ ಬಾರಿಗೆ ನೂರಾರು ದೋಣಿಗಳು ಚುಕ್ಕೆಗಳಂತೆ ಕಾಣುತ್ತವೆ. ಚುಕ್ಕೆಯಿರುವ ದೋಣಿಯು ತನ್ನ ಗುರುತನ್ನು ತಾನೇ ಪ್ರಸಾರ ಮಾಡುತ್ತಿದ್ದು, ಆ ಗುರುತು ನೋಂದಣಿ ದಾಖಲೆಯೊಂದಿಗೆ ತಾಳೆಯಾದರೆ ಸಿಬ್ಬಂದಿಯು ಅದನ್ನು ಬದಿಗಿಟ್ಟು ಮುಂದೆ ಸಾಗಬಹುದು. ತಾಳೆಯಾಗದಿದ್ದರೆ ಹತ್ತಿರ ಹೋಗಿ ನೋಡಬೇಕಾಗುತ್ತದೆ. ಮುಂಬಯಿ ದಾಳಿಕೋರರು ಬಂದದ್ದು ಅಪಹರಿಸಿದ ಭಾರತೀಯ ಮೀನುಗಾರಿಕೆ ದೋಣಿಯಲ್ಲಿ ಎಂಬುದನ್ನು ಮರೆಯುವಂತಿಲ್ಲ. 20 ಮೀಟರ್‌ಗಿಂತ ಉದ್ದದ ದೋಣಿಗಳಿಗೆ ಸ್ವಯಂಚಾಲಿತ ಗುರುತು ಸಾಧನವನ್ನು ಕಡ್ಡಾಯಗೊಳಿಸಲಾಗಿದೆ. ಇತರ ದೋಣಿಗಳಿಗಾಗಿ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್‌ಗಳನ್ನು ಒದಗಿಸುವ 364 ಕೋಟಿ ರೂಪಾಯಿಗಳ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ನೀಡಲಾಯಿತು. ಕರಾವಳಿ ರಾಜ್ಯಗಳ 1 ಲಕ್ಷ ದೋಣಿಗಳಿಗೆ ಇವುಗಳನ್ನು ಉಚಿತವಾಗಿ ಅಳವಡಿಸುವುದು ಯೋಜನೆಯ ಗುರಿ. ಮೊಬೈಲ್ ಸಂಪರ್ಕವಿಲ್ಲದ ದೂರದಿಂದಲೂ ಉಪಗ್ರಹದ ಮೂಲಕ ಅಪಾಯದ ಸಂದೇಶ ಕಳುಹಿಸಲು ಇದರಿಂದ ಸಾಧ್ಯವಾಗುತ್ತದೆ.

ಮೀನುಗಾರಿಕೆ ದೋಣಿಗಳ ನೋಂದಣಿ ಮತ್ತು ಪರವಾನಗಿಗೆ ರಿಯಲ್‌ಕ್ರಾಫ್ಟ್ ಅಂತರ್ಜಾಲ ವ್ಯವಸ್ಥೆಯ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ. ದೋಣಿಯನ್ನು ಮಾರಿದಾಗ, ಹೆಸರು ಬದಲಿಸಿದಾಗ ಅಥವಾ ಎಂಜಿನ್ ಬದಲಾಯಿಸಿದಾಗ ದಾಖಲೆಯನ್ನು ತಿದ್ದಿಸಿಕೊಳ್ಳದಿರುವುದು ಸಾಮಾನ್ಯವಾಗಿ ಕಂಡುಬರುವ ಲೋಪ. ಹಳೆಯ ಮಾಲೀಕನ ದೂರವಾಣಿ ಸಂಖ್ಯೆಯಿರುವ ನೋಂದಣಿಯಿಂದ ಶೋಧ ನಡೆಸುವವರಿಗೆ ಪ್ರಯೋಜನವಾಗುವುದಿಲ್ಲ. ಅರ್ಜಿದಾರರು ಇಂತಹ ಬದಲಾವಣೆಗಳನ್ನು ತಮ್ಮ ವ್ಯಾಪ್ತಿಯ ಮೀನುಗಾರಿಕೆ ಇಲಾಖೆಯ ಕಛೇರಿಗೆ ಕೂಡಲೇ ತಿಳಿಸತಕ್ಕದ್ದು.

ಸಮುದ್ರದಲ್ಲಿ ದೋಣಿಯು ಅಪಾಯಕ್ಕೆ ಸಿಲುಕಿದ್ದು ತಿಳಿದುಬಂದಲ್ಲಿ ಅಥವಾ ನಿಗದಿತ ಸಮಯಕ್ಕೆ ಹಿಂದಿರುಗದಿದ್ದಲ್ಲಿ ಕರಾವಳಿ ರಕ್ಷಣಾ ಪಡೆಯ ಶುಲ್ಕರಹಿತ ಸಂಖ್ಯೆ 1554ಕ್ಕೆ ಕರೆ ಮಾಡಬಹುದು. ಕರೆ ಮಾಡುವವರು ದೋಣಿಯ ಹೆಸರು, ನೋಂದಣಿ ಸಂಖ್ಯೆ, ಬಣ್ಣ, ಅದರಲ್ಲಿರುವವರ ಸಂಖ್ಯೆ ಹಾಗೂ ಕೊನೆಯದಾಗಿ ಸಂಪರ್ಕದಲ್ಲಿದ್ದ ಸ್ಥಳ ಮತ್ತು ಸಮಯದ ವಿವರಗಳನ್ನು ಸಿದ್ಧವಾಗಿ ಇಟ್ಟುಕೊಳ್ಳಬೇಕು. ಶೋಧ ವಿಮಾನವು ಯಾವ ಸ್ಥಳದಿಂದ ಹುಡುಕಾಟ ಆರಂಭಿಸಬೇಕೆಂಬುದನ್ನು ಈ ವಿವರಗಳ ಆಧಾರದ ಮೇಲೆಯೇ ನಿರ್ಧರಿಸಲಾಗುತ್ತದೆ.